ಅಮ್ಮನ ಕುರ್ಚಿಗೆ ಉಳಿದಿದ್ದ ಒಂದು ಕ್ಲಿಕ್

ಗೆಳೆಯರು ಫೋನಿನಲ್ಲಿ ಟಪಟಪನೆ ನೂರು ಫೋಟೋ ಹೊಡೆಯುವಷ್ಟರಲ್ಲಿ ನನ್ನ ಹಳೇ ಫಿಲ್ಮ್ ಕ್ಯಾಮೆರಾದ್ದು ಒಂದೇ ‘ಖಟಕ್’. ಈಗ ಮೂವತ್ತಾರು ಫೋಟೋಗಳ ಒಂದು ರೀಲು ಕೊಂಡರೆ ವಾರವಿಡೀ ಅರೆಹೊಟ್ಟೆ. ಅದಕ್ಕೇ ಪ್ರತಿ ಸಲವೂ ಉಸಿರು ಬಿಗಿಹಿಡಿದು ನೋಡುತ್ತೇನೆ. ಹಾಗೆ ನೋಡುವುದೇ ಅದರ ರುಚಿ.

“ಈ ಮುದುಕಿ ಮೇಲೆ ಯಾಕೋ ರೀಲು ದಂಡ ಮಾಡ್ತೀಯ?” ಎಂದು ಅಮ್ಮ ಮುಖ ತಿರುಗಿಸುತ್ತಿದ್ದಳು. ನಾನೂ ಒಂದು ಫೋಟೋ ಉಳಿಯಿತೆಂದು ಕ್ಯಾಮೆರಾ ಇಳಿಸುತ್ತಿದ್ದೆ. ಅವಳು ತೀರಿಹೋದ ಮೇಲೆ ಹುಡುಕಿದರೆ ಅವಳದೊಂದೂ ಫೋಟೋ ಇಲ್ಲ.

ರೀಲಿನಲ್ಲಿ ಕೊನೆಯದೊಂದು ಉಳಿದಿತ್ತು. ಮಟಮಟ ಮಧ್ಯಾಹ್ನ ಅವಳ ಖಾಲಿ ಕುರ್ಚಿಯ ಎದುರು ನಿಂತು ತೆಗೆದೆ. ಆ ಸೆಕೆಯಲ್ಲೂ ಕ್ಯಾಮೆರಾ ಐಸಿನಷ್ಟು ತಣ್ಣಗಿತ್ತು. ಮೇಜಿನ ಮೇಲೆ ಯಾರೂ ಮುಟ್ಟದ ಅವಳ ಚಹಾದ ಕಪ್ ಸಾಸರಿಗೆ ಟಕಟಕ ಬಡಿಯಿತು, ಅಮ್ಮನ ಕೈಯಲ್ಲಿದ್ದಾಗ ಬಡಿಯುತ್ತಿದ್ದ ಹಾಗೆಯೇ.

ವಾರದ ಮೇಲೆ ಸ್ಟುಡಿಯೋದವನು ಪ್ರಿಂಟುಗಳನ್ನು ಮುಂದಿಟ್ಟ. ಕೊನೆಯದರಲ್ಲಿ ಕುರ್ಚಿ ಇರಲಿಲ್ಲ. ನಾನಿದ್ದೆ, ಕಣ್ಣಿಗೆ ಕ್ಯಾಮೆರಾ ಹಿಡಿದುಕೊಂಡು, ಎದುರಿಗೆ ಕೂತವರಿಗೆ ಕಾಣುವಂತೆ. ಆ ಕೋಣೆಯಲ್ಲಿ ಕನ್ನಡಿ ಇಲ್ಲ.

“ಇದನ್ನ ಯಾರ ಕೈಲಿ ತೆಗೆಸಿದ್ರಿ ಸಾರ್?” ಎಂದು ಅವನು ನಕ್ಕ. “ಉಳಿದ ಮೂವತ್ತೈದೂ ಕಲ್ಲಿನ ಥರ ನಿಂತಿವೆ. ಇದೊಂದರಲ್ಲಿ ತೆಗೆದವರ ಕೈ ನಡುಗಿದೆ ನೋಡಿ.”