ಗದರಿಕೆಯಿಲ್ಲದ ಒಂಬತ್ತು ದಿನ

“ಬಾಯಿ ತೆಗೀರಿ ಅತ್ತೆ! ಹಾಲು ಕುಡಿಯೋಕೂ ನಿಮಗೆ ಓಲಗ ಊದಿಸ್ಬೇಕಾ? ಬೇಡ ಅಂದ್ರೆ ಹೇಳಿ, ಬೆಕ್ಕಿಗೆ ಹಾಕ್ತೀನಿ. ಅದಾದ್ರೂ ಕಾಲು ಸುತ್ತಿ ಉಪಕಾರ ನೆನೆಯುತ್ತೆ!”

ಹೊಸ್ತಿಲಲ್ಲಿ ನಿಂತಿದ್ದ ಮಗಳ ಕೈಯಿಂದ ಪೆಟ್ಟಿಗೆ ಜಾರಿತು. ಹತ್ತೊಂಬತ್ತು ವರ್ಷ ಪರದೇಶದಲ್ಲಿ ಹಾಸಿಗೆ ಹಿಡಿದ ಪರರ ಆರೈಕೆ ಮಾಡಿದವಳು ಅವಳು. ಕೊನೆಗಾಲದಲ್ಲಾದರೂ ಹೆತ್ತ ತಾಯಿಯ ಸೇವೆ ಸಿಗಲಿ ಎಂಬ ಒಂದೇ ಆಸೆ ಹೊತ್ತು ಮರಳಿದ್ದಳು. ಬಂದ ಗಳಿಗೆಯಲ್ಲೇ ಕಿವಿಗೆ ಬಿದ್ದ ಮಾತು ಇದು! ಮಂಚದ ಮೇಲೆ ಒಣಸೌದೆಯಂತೆ ಅಮ್ಮ... ಅವಳ ಗಲ್ಲ ಹಿಡಿದು ಚಮಚ ತುರುಕುತ್ತಿದ್ದವಳು, ತೀರಿಹೋದ ಅಣ್ಣನ ಹೆಂಡತಿ.

“ಅತ್ತಿಗೆ! ಏನು ಮಾತು ಇದು?”

“ಓಹೋ, ಬಂದ್ಯಾ ಮಹಾರಾಯ್ತಿ? ಮೊದಲು ಚಪ್ಪಲಿ ಬಿಟ್ಟು ಒಳಗೆ ಬಾ. ನ್ಯಾಯ ಆಮೇಲೆ ಹೇಳುವಿಯಂತೆ.”

ಅಂದು ಸಂಜೆ ಮಗಳು ತಾಯಿಯ ಮೈ ಒರೆಸಿದಳು. ಮೂರು ವರ್ಷ ಮಲಗಿದ ಬೆನ್ನಿನ ಮೇಲೆ ಒಂದೂ ಹುಣ್ಣಿರಲಿಲ್ಲ. ‘ದೇವರು ದೊಡ್ಡವನು’ ಎಂದು ಕೈಮುಗಿದಳು. ಅಷ್ಟಕ್ಕೇ ಬಿಟ್ಟಳು.

ಮೂರನೆಯ ದಿನ ಅತ್ತಿಗೆ “ಹೊರಳಿ ಅತ್ತೆ, ಮರದ ದಿಮ್ಮಿನಾ ನೀವು?” ಎಂದು ತೊಡೆಗೆ ಒಂದು ಏಟು ಕೊಟ್ಟದ್ದೇ ತಡ, ಮಗಳ ಸಹನೆ ಕಟ್ಟೆಯೊಡೆಯಿತು.

“ಇನ್ನು ಅಮ್ಮನ್ನ ಮುಟ್ಟಬೇಡಿ! ನಾನು ಬಂದಾಯ್ತಲ್ಲ... ನೀವು ನಿಮ್ಮ ದಾರಿ ನೋಡ್ಕೊಳ್ಳಿ!”

ಅತ್ತಿಗೆ ಮಂಚದ ಕಡೆ ನೋಡಿದಳು. ಒಂದು ಕಣ್ಣು ಸೊಸೆ, ಇನ್ನೊಂದು ಕಣ್ಣು ಮಗಳು. ಮುದುಕಿ ಎರಡನ್ನೂ ಮುಚ್ಚಿಕೊಂಡಳು. ತಾನು ಇಸ್ತ್ರಿ ಮಾಡುತ್ತಿದ್ದ ಲಾಂಡ್ರಿಯ ಹಿಂದಿನ ಕೋಣೆಗೆ ಅತ್ತಿಗೆ ಬಟ್ಟೆಗಂಟು ಹೊತ್ತು ಹೊರಟುಹೋದಳು.

ಆಮೇಲೆ ಮನೆ ಎಷ್ಟು ಶಾಂತವಾಯಿತು! ಪರದೇಶ ಮಗಳಿಗೆ ಕಲಿಸಿದ್ದೇ ಅದನ್ನು. ದನಿ ಏರಿಸಬಾರದು, ಕೇಳದೆ ಮುಟ್ಟಬಾರದು. “ಅಮ್ಮಾ, ಈಗ ಬಲಕ್ಕೆ ಹೊರಳಿಸಲಾ? ಹಾಲು ತರಲಾ?” ಎಲ್ಲಕ್ಕೂ ಅಮ್ಮ “ಹೂಂ” ಎನ್ನುತ್ತಿದ್ದಳು. ಐದು ದಿನ ಕಳೆದ ಮೇಲೆ ಆ “ಹೂಂ” ಕೂಡ ನಿಂತಿತು. ಚಮಚ ಕಂಡರೆ ಬಾಯಿ ಬಿಗಿಯುತ್ತಿತ್ತು. ವೈದ್ಯರು ಬಂದು ಕೈಚೆಲ್ಲಿ ಹೋದರು. ಅತ್ತಿಗೆ ಹೋದ ಒಂಬತ್ತನೆಯ ದಿನ ಮಗಳು ಮಂಡಿಯೂರಿ ಅತ್ತಳು.

“ನನ್ನಿಂದ ಏನು ತಪ್ಪಾಯ್ತಮ್ಮ?”

“ತಪ್ಪಿಲ್ಲ ಕಣೇ... ನೀನು ಚೆನ್ನಾಗೇ ನೋಡ್ಕೋತೀಯ. ಆದ್ರೆ ನಿನ್ನ ಕೈಲಿ ನಾನು ರೋಗಿ. ಅವಳು ಬೈದ್ರೆ ನಾನು ಅತ್ತೆ! ತಿರುಗಿ ನಾಲ್ಕು ಬೈದು ಹಾಲು ಕುಡೀತಿದ್ದೆ. ನೀನು ಮಾತಾಡೋದು ಕೇಳಿದ್ರೆ... ನಾನು ಆಗ್ಲೇ ಸತ್ತಿದ್ದೀನಿ ಅನ್ಸುತ್ತೆ.”

ಮಗಳು ತಾಯಿಯನ್ನು ಮಗ್ಗುಲಿಗೆ ಹೊರಳಿಸಿದಳು. ಆ ಬೆನ್ನು! ಎರಡೆರಡು ಗಂಟೆಗೊಮ್ಮೆ ಯಾರಾದರೂ ಹೊರಳಿಸದೆ ಯಾವ ಬೆನ್ನೂ ಹಾಗೆ ಉಳಿಯದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ದೇವರಿಗೆ ಕೈಮುಗಿದವಳು, ಆ ದೇವರು ಯಾರ ಕೈಯಿಂದ ಆ ಕೆಲಸ ಮಾಡಿಸಿದನೆಂದು ಕೇಳಿರಲಿಲ್ಲ. ಲಾಂಡ್ರಿಯಿಂದ ಹೊತ್ತು ಹೊತ್ತಿಗೆ ಮನೆಗೆ ಓಡಿಬಂದ ಕೈ ಅದು. ಪಕ್ಕದ ಮನೆಯವಳನ್ನು ಕೂರಿಸಿ ಮಗಳು ಬೀದಿಗಿಳಿದಳು.

ಹಬೆ ತುಂಬಿದ ಆ ಕೋಣೆಯಲ್ಲಿ ಅತ್ತಿಗೆ ತಲೆಯೆತ್ತಲಿಲ್ಲ. “ಏನಮ್ಮ, ಇನ್ನೂ ಬೈಯೋದು ಬಾಕಿ ಇತ್ತಾ?”

“ಅಮ್ಮ ಬಾಯಿ ತೆಗೀತಿಲ್ಲ ಅತ್ತಿಗೆ... ನಾಲ್ಕು ದಿನ ಆಯ್ತು.”

ಇಸ್ತ್ರಿಪೆಟ್ಟಿಗೆ ನಿಂತಿತು. “ನಾಲ್ಕು ದಿನ! ಈಗ ಬಂದ್ಯಾ ಹೇಳೋಕೆ, ಪಾಪಿ?” ಎರಡು ಹೆಜ್ಜೆ ಓಡಿ ಅತ್ತಿಗೆ ಥಟ್ಟನೆ ನಿಂತಳು. “ಮೊದಲಿನ ಹಾಗೆ ಓಡಾಡಿದ್ರೆ ಸಾಲ್ದು, ಇನ್ನು ಹಗಲೆಲ್ಲ ಅವರ ಪಕ್ಕದಲ್ಲೇ ಇರ್ಬೇಕು. ನಾನು ಹೋದ್ರೆ ಈ ಕೆಲಸ ಇನ್ನೊಬ್ಬಳ ಪಾಲು. ನಿನ್ನ ದುಡಿಮೆ ನಿನ್ನಣ್ಣನ ಕಾಯಿಲೆಗೇ ಕರಗಿಹೋಯ್ತು. ಮೂರು ಹೊಟ್ಟೆಗೆ ಏನು ಮಾಡೋಣ?”

ಮಗಳು ಇಸ್ತ್ರಿಪೆಟ್ಟಿಗೆಯ ಹಿಡಿಕೆಗೆ ಕೈಹಾಕಿದಳು. “ನೀವು ಮನೇಲಿರಿ. ಇಲ್ಲಿ ನಾನು ನಿಲ್ತೀನಿ.”

“ಹುಚ್ಚಿ! ಅಮ್ಮನ ಸೇವೆ ಮಾಡ್ಬೇಕು ಅಂತ ಅಲ್ವಾ ನೀನು ಅಷ್ಟು ದೂರದಿಂದ ಬಂದಿದ್ದು?”

“ಬೇಗ ಹೋಗಿ ಅತ್ತಿಗೆ...” ಎಂದಳು. ಮೇಜಿನ ಮೇಲಿದ್ದ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ಅಂದು ಸಂಜೆ ಮಗಳು ಮನೆಗೆ ಬಂದಾಗ ಒಳಗೆ ಇಬ್ಬರೂ ಬೈದಾಡುತ್ತಿದ್ದರು. ಹಾಲಿನ ಲೋಟ ಖಾಲಿಯಾಗಿತ್ತು.

ಆದರೆ ಬತ್ತಿದ ದೀಪ ಎಷ್ಟು ದಿನ ಉರಿದೀತು? ಅತ್ತಿಗೆ ಮರಳಿದ ಹನ್ನೆರಡನೆಯ ದಿನ ಮಗಳು ಕೆಲಸ ಮುಗಿಸಿ ಬಂದಾಗ ಬಾಗಿಲಲ್ಲಿ ನೆರೆಹೊರೆಯವರು ನಿಂತಿದ್ದರು. ತಾಯಿಯ ತಲೆ ಅತ್ತಿಗೆಯ ತೊಡೆಯ ಮೇಲಿತ್ತು.

“ಈಗ ಅರ್ಧ ಗಂಟೆ ಆಯ್ತು... ಹೇಳಿ ಕಳಿಸೋಕೂ ಹೊತ್ತಿರ್ಲಿಲ್ಲ” ಎಂದಳು ಅತ್ತಿಗೆ.

ಮಗಳು ಹೊಸ್ತಿಲಲ್ಲೇ ನಿಂತಳು. “ನನ್ನ... ನನ್ನ ಕೇಳಿದ್ರಾ?”

“ಕೇಳಿದ್ರು. ‘ಮಗಳೆಲ್ಲಿ?’ ಅಂದ್ರು. ‘ಕೆಲಸಕ್ಕೆ ಹೋಗಿದ್ದಾಳೆ, ಸಂಜೆ ಬರ್ತಾಳೆ’ ಅಂದೆ. ‘ಸಂಜೆ ಬರ್ತಾಳಾ?’ ಅಂತ ನಕ್ಕರು ಕಣೇ! ಹತ್ತೊಂಬತ್ತು ವರ್ಷ ಇದನ್ನೇ ಕೇಳ್ತಿದ್ರು... ಒಂದು ದಿನ, ಒಂದೇ ಒಂದು ದಿನವೂ ನಂಗೆ ಹಾಗೆ ಹೇಳೋಕೆ ಆಗಿರ್ಲಿಲ್ಲ!”

ಮಗಳು ನಿಧಾನವಾಗಿ ಬಂದು ಮಂಚದ ಇನ್ನೊಂದು ಬದಿಯಲ್ಲಿ ಕುಳಿತಳು. ಹೊರಗೆ ಇನ್ನೂ ಸಂಜೆಯ ಬೆಳಕಿತ್ತು.