ಬಣವೆಯ ಮೂಡಣ ಮಗ್ಗುಲು

1979ರ ಮಾರ್ಚ್ 14, ಬುಧವಾರ. ಬೆಳಿಗ್ಗೆ 8 ಗಂಟೆ 20 ನಿಮಿಷಕ್ಕೆ ಮಧುಗಿರಿ–ಪಾವಗಡ ರಸ್ತೆಯ ಠಾಣೆಯೊಂದರ ಮುಂದೆ ಟ್ರಾಕ್ಟರ್ ಬಂದು ನಿಂತಿತು. ಟ್ರೈಲರಿನಲ್ಲಿ ಹತ್ತೊಂಬತ್ತು ಜನ. ಹದಿನೆಂಟು ಜನ ಫಿರ್ಯಾದಿ ಕಡೆಯವರು, ಒಬ್ಬಳು ಆರೋಪಿ. ಅವಳ ಸೊಂಟದ ಮೇಲೆ ಎಂಟು ತಿಂಗಳ ಕೂಸು ಬೇರೆ ಇತ್ತು. ಪಾಪ, ಅದು ಯಾವ ಕಡೆಯದೆಂದು ಯಾರೂ ಕೇಳಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯ ಕಾಫಿ ಲೋಟ ಕೆಳಗಿಟ್ಟ. ಹದಿನೆಂಟು ಜನರೂ ಒಟ್ಟಿಗೆ ಬಾಯಿ ತೆಗೆದಿದ್ದರು.

"ಒಬ್ಬರು ಮಾತಾಡಿ."

ಗುಂಡ್ಲಹಟ್ಟಿಯ ರೈತ ದೊಡ್ಡರಂಗಪ್ಪ ಮುಂದೆ ಬಂದ. ನಿನ್ನೆ ಸಂಜೆ ಆರೂಕಾಲಿಗೆ ಅವನ ರಾಗಿಹುಲ್ಲಿನ ಬಣವೆ ಹೊತ್ತಿ ಉರಿದಿತ್ತು. ಹಚ್ಚಿದವಳು ಇವಳೇ, ಕುರಿ ಮೇಯಿಸುವ ಈರಕ್ಕ.

"ನೀವು ನೋಡಿದ್ರಾ?"

"ಇಡೀ ಊರಿಗೇ ಗೊತ್ತು ಸಾ."

"ಊರಿಗೆ ಗೊತ್ತಿರಲಿ. ನೀವು ಕಣ್ಣಲ್ಲಿ ನೋಡಿದ್ರಾ?"

"ಅದ್ರಾಗೆ ನೋಡೋದೇನೈತೆ ಸಾ! ಭಾನ್ವಾರ ಬೀದೀಲಿ ನಿಂತ್ಕಂಡು ಅವ್ಳೇ ಏಳ್ಬುಟ್ಟವ್ಳಲ್ಲ!"

ಭಾನುವಾರ ಈರಕ್ಕನ ಕುರಿಗಳು ದೊಡ್ಡರಂಗಪ್ಪನ ಮೆಣಸಿನ ಗಿಡಕ್ಕೆ ನುಗ್ಗಿದ್ದವು. ಅವನು ಕುರಿಗಳನ್ನು ಅಟ್ಟಿಕೊಂಡು ಹೋಗಿ ದೊಡ್ಡಿಗೆ ಕೂಡಿದ. ಆಗ ಅವಳು ಬಾಯಿ ಮಾಡಿದ್ದಳು. ಮಂಗಳವಾರ ಬಣವೆ ಹೊತ್ತಿತು. ಅವಳು ಐದು ಗಂಟೆಗೆ ಅದೇ ರಸ್ತೆಯಲ್ಲಿ ಹಾದುಹೋಗಿದ್ದನ್ನು ನಾಲ್ಕು ಜನ ನೋಡಿದ್ದರು. ಇನ್ನೇನು ಬೇಕು?

"ಇವ್ಳನ್ನ ಒಳೀಕ್ ಹಾಕಿ ಸಾ. ಬುಟ್ಟು ಕಳ್ಸಿದ್ರೆ ಇವ್ಳ ಹಟ್ಟೀಲಿ ಒಂದು ಗುಡ್ಲೂ ಉಳಿಯಾಕಿಲ್ಲ," ಎಂದ ಗುಂಪಿನಲ್ಲಿ ಒಬ್ಬ.

ಹೆಡ್ ಕಾನ್‌ಸ್ಟೇಬಲ್ ಬೈರಪ್ಪ ಎಫ್.ಐ.ಆರ್. ಬರೆದ. ಭಾರತ ದಂಡ ಸಂಹಿತೆ ಕಲಂ 435, ಬೆಂಕಿಯಿಂದ ನಷ್ಟ ಉಂಟುಮಾಡಿದ್ದು. ಇಪ್ಪತ್ತೆರಡು ವರ್ಷದ ಸರ್ವಿಸು, ಮುತ್ತಿನಂಥ ಅಕ್ಷರ. ಬರೆದು ಮುಗಿಸುವಷ್ಟರಲ್ಲಿ ಇಂಕ್ ಪ್ಯಾಡಿನ ಮುಚ್ಚಳವನ್ನೂ ತೆಗೆದಿಟ್ಟಿದ್ದ.

ಈರಕ್ಕ ಜಗಲಿಯ ಮೂಲೆಯಲ್ಲಿ ಕೂಸಿಗೆ ಹಾಲು ಕೊಡುತ್ತ ಕೂತಿದ್ದಳು. ಗಂಡ ಮುದ್ದಪ್ಪ ದೊಡ್ಡ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋಗಿ ಹದಿನೈದು ದಿನವಾಗಿತ್ತು. ಅವನಿಗೆ ಈ ಸುದ್ದಿ ಯಾರು ಮುಟ್ಟಿಸಬೇಕು?

"ನೀನು ಹಚ್ಚಿದ್ಯೇನಮ್ಮ?"

"ಇಲ್ಲ ಸಾ." ಕೂಸಿನ ತಲೆಗೆ ಸೆರಗು ಮುಚ್ಚಿ ಅವಳೇ ಅಂದಳು: "ಆದ್ರೆ ನನ್ ಬಾಯೇ ಸುಡ್ತೇನೋ. ನಮ್ಮತ್ತೇನೂ ಅಂಗೇ ಅಂದ್ರು. ಎಬ್ಬೆಟ್ಟು ಎಲ್ಲಿ ಒತ್ಬೇಕು ಏಳಿ, ಒತ್ಬುಡ್ತೀನಿ."

ಬೈರಪ್ಪ ಪ್ಯಾಡು ಮುಂದೆ ಸರಿಸಿದ.

"ಮುಚ್ಚಿಡ್ರಿ ಅದನ್ನ," ಎಂದ ಚಂದ್ರಶೇಖರಯ್ಯ.

ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಅವನಿಗೇ ಸ್ಪಷ್ಟವಿರಲಿಲ್ಲ. ನಾಳೆ ಬೆಳಿಗ್ಗೆ ಎಂಟೂ ಇಪ್ಪತ್ತರೊಳಗೆ ಇವಳನ್ನು ಮಧುಗಿರಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು. ನಿಲ್ಲಿಸಿದರೆ ತುಮಕೂರಿನ ಜೈಲು, ಕೂಸಿನ ಸಮೇತ. ಬಿಟ್ಟರೆ ಇವರು ಅವಳ ಹಟ್ಟಿಗೆ ಬೆಂಕಿ ಇಟ್ಟಾರು. ಠಾಣೆ ಗುಡಿಸುವ ಮುನಿಯಮ್ಮನನ್ನು ಕರೆದು, ಈರಕ್ಕನಿಗೆ ಊಟ ಕೊಟ್ಟು ಜೊತೆಯಲ್ಲೇ ಇರುವಂತೆ ಹೇಳಿ, ಅವನು ಬೈರಪ್ಪನ ಜೊತೆ ಅದೇ ಟ್ರಾಕ್ಟರು ಹತ್ತಿದ.

11 ಗಂಟೆಗೆ ಸ್ಥಳ ಮಹಜರು ಶುರುವಾಯಿತು. ಬಣವೆಯ ಪಡುವಣಕ್ಕೆ ರಸ್ತೆ, ಮೂಡಣಕ್ಕೆ ಕಣ. ಕಣದಾಚೆ ದೊಡ್ಡರಂಗಪ್ಪನ ಮನೆ. ಪಂಚರಿಬ್ಬರು ಟೇಪು ಹಿಡಿದರು. ಉದ್ದ ಇಪ್ಪತ್ತನಾಲ್ಕು ಅಡಿ. ಅದರಲ್ಲಿ ರಸ್ತೆ ಕಡೆಯ ಏಳೆಂಟು ಅಡಿ ಹುಲ್ಲು ಊರವರು ಸುರಿದ ನೀರು ಕುಡಿದು, ಮಸಿ ಹಿಡಿದು, ಸುಡದೆ ನಿಂತಿತ್ತು.

ಚಂದ್ರಶೇಖರಯ್ಯ ಅದನ್ನು ಮೂರು ಸುತ್ತು ಹಾಕಿದ. ಕಣದ ಅಂಚಿನ ಹುಣಸೆ ಮರ ಒಂದು ಮಗ್ಗುಲಿಗೆ ಬೆಂದುಹೋಗಿತ್ತು. ರಸ್ತೆ ಬದಿಯ ಹೊಂಗೆ ಮರದ ಚಿಗುರು ಮಾತ್ರ ಪಳಪಳ ಅಂತಿತ್ತು.

"ಬೈರಪ್ಪ, ನಿನ್ನೆ ಗಾಳಿ ಯಾವ ಕಡೆಯಿಂದ ಇತ್ತು?"

"ಪಡುವಣದಿಂದ ಸಾರ್. ಮರ ನೋಡಿದ್ರೇ ಗೊತ್ತಾಯ್ತದೆ."

"ಈರಕ್ಕ ರಸ್ತೆಯಿಂದ ಕಡ್ಡಿ ಗೀರಿ ಎಸೆದಳು ಅನ್ನಿ. ಏನಾಗಬೇಕಿತ್ತು?"

ಬೈರಪ್ಪ ಹುಲ್ಲು ನೋಡಿದ, ಮರ ನೋಡಿದ. "ಗಾಳಿಗೆ ಪೂರ್ತಿ ಒಂದೇ ಏಟಿಗೆ ಹೋಗ್ಬೇಕಿತ್ತು. ರಸ್ತೆ ಕಡೇದೇ ಮೊದ್ಲು ಬೂದಿ ಆಗ್ಬೇಕಿತ್ತು. ಅರೆ! ಅದೇ ಉಳ್ಕಂಡೈತಲ್ಲ ಸಾರ್!"

"ಹಾಗಾದ್ರೆ ಬೆಂಕಿ ಹುಟ್ಟಿದ್ದು ಮೂಡಣದಲ್ಲಿ. ಗಾಳಿಗೆ ಎದುರು ಹಬ್ಬಬೇಕಾದ ಕಡೆ, ಮನೆಯವರ ಕಣ್ಣೆದುರಿಗೆ. ಬಣವೆ ಸುಡಬೇಕು ಅಂತಿರೋನು ಇಲ್ಲಿ ಯಾಕೆ ಹಚ್ತಾನೆ?"

ಮೂಡಣ ಮಗ್ಗುಲಿನ ಬೂದಿ ಕೆದಕಿಸಿದಾಗ, ಬುಡದಲ್ಲಿ ಅಂಗೈ ಅಗಲದ ಒಂದು ಮಣ್ಣಿನ ಬಟ್ಟಲು ಸಿಕ್ಕಿತು. ಒಳಗೆ ಬೆರಣಿಯ ಗಟ್ಟಿ ಬೂದಿ. ಕಂಠದ ಸುತ್ತ ಮೂರು ಸುತ್ತು ತಾಮ್ರದ ತಂತಿ. ಬೈರಪ್ಪ ಅದನ್ನು ನೋಡಿ ಯಾಕೋ ಮಾತು ನಿಲ್ಲಿಸಿದ. ಪಂಚನಾಮೆಯಲ್ಲಿ 'ಒಡೆದ ಮಡಕೆ ಚೂರು' ಎಂದು ಬರೆದ.

"ಚೂರೆಲ್ಲಿ? ಇಡೀ ಬಟ್ಟಲೇ ಇದೆ. ತಂತಿಯನ್ನೂ ಬರೀರಿ."

ಬೈರಪ್ಪ ತಿದ್ದಿದ.

ಮಧ್ಯಾಹ್ನ 1ರಿಂದ ಅರಳಿಕಟ್ಟೆಯಲ್ಲಿ ಸಾಕ್ಷಿಗಳ ಹೇಳಿಕೆ. ಒಂಬತ್ತು ಜನ ಹೇಳಿದರು, ಬೈರಪ್ಪ ಬರೆದ. ಚಂದ್ರಶೇಖರಯ್ಯ ಓದಿದ. ಒಂಬತ್ತರಲ್ಲೂ ಒಂದೇ ಸಾಲು: 'ಸದರಿ ಈರಕ್ಕಳು ಬಣವೆಗೆ ಬೆಂಕಿ ಹಾಕುವುದಾಗಿ ಬೆದರಿಕೆ ಒಡ್ಡಿರುತ್ತಾಳೆ.'

"ಒಂಬತ್ತು ಜನಕ್ಕೂ ಒಂದೇ ಬಾಯೇನ್ರಿ?"

"ಅದು ಠಾಣೆ ಭಾಷೆ ಸಾರ್. ಎಲ್ರೂ ಹೇಳಿದ್ದರ ಸಾರಾಂಶ."

"ಸಾರಾಂಶ ಬೇಡ. ಅವಳು ಏನಂದಳು, ಅದನ್ನೇ ಹೇಳ್ಸಿ."

ದೊಡ್ಡರಂಗಪ್ಪ ಹೇಳಿದ: "'ನಿನ್ ಬಣವೆಗೆ ಬೆಂಕಿ ಬೀಳ' ಅಂದ್ಲು ಸಾ."

ಚಂದ್ರಶೇಖರಯ್ಯ ಬೈರಪ್ಪನ ಕಡೆ ತಿರುಗಿದ. "ನಿಮ್ಮ ಮನೆಯವರು ಈ ಮಾತು ಎಂದಾದರೂ ಅಂದಿದ್ದಾರಾ?"

"ಇವತ್ ಬೆಳಿಗ್ಗೇನೂ ಅಂದ್ರು ಸಾರ್. 'ನಿನ್ ಡ್ಯೂಟಿಗೆ ಬೆಂಕಿ ಬೀಳ' ಅಂತ."

"ಡ್ಯೂಟಿ ಇದೆಯಲ್ಲ?"

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಕ್ಕಮೇಲೆ ಒಂಚೂರು ಸಡಿಲವಾದರು. ಆಗ ಅವನು ಕೇಳಿದ: "ಸರಿ, ಅವಳು ಕಡ್ಡಿ ಗೀರಿ ಸುಟ್ಟಳೋ, ಬಾಯಿಂದ ಸುಟ್ಟಳೋ?"

ಅರ್ಧ ಜನ ಕಡ್ಡಿ ಅಂದರು. ಇನ್ನರ್ಧ ಬಾಯಿ ಅಂದರು. ಹಿಂದಿನಿಂದ ಒಬ್ಬ, "ಎಲ್ಡೂ ಸಾ!" ಎಂದ.

"ಬಾಯಿಂದಲೇ ಆಗೋ ಹಾಗಿದ್ದರೆ ಕಡ್ಡಿಪೆಟ್ಟಿಗೆ ಯಾಕಪ್ಪ?"

ದೊಡ್ಡರಂಗಪ್ಪನಿಗೆ ಸಹಿಸಲಾಗಲಿಲ್ಲ. "ನೀವು ಓದ್ದೋರು, ನಂಬಾಕಿಲ್ಲ ಬುಡಿ. ಇದು ಆಯ್ತದೆ ಅಂತ ನಮ್ ರೇಣುಕಯ್ಯ ಸ್ವಾಮ್ಗಳು ಎಂಟು ದಿನದ ಕೆಳಗೇ ಏಳಿದ್ರು. ಎಲೆ ಮೇಲೆ ಅಂಜನ ಹಾಕಿ ನೋಡಿ ಏಳಿದ್ರು ಸಾ! 'ಈ ಅಮಾಸೆ ಒಳಗೆ ನಿನ್ ಸೊತ್ತಿಗೆ ಮೂಡ್ಲ ದಿಕ್ಕಿಂದ ಬೆಂಕಿ ಐತೆ, ಶಾಂತಿ ಮಾಡ್ಸು' ಅಂದ್ರು. ನಾನು ಪಾಪಿ, ನಗಾಡ್ಬುಟ್ಟೆ. ಇವತ್ತು ಊರೆಲ್ಲ ಅವ್ರ ಕಾಲಿಗೆ ಬೀಳ್ತೈತೆ."

ರೇಣುಕಯ್ಯ ಪಕ್ಕದೂರಿನವನು. ವೀಳ್ಯದೆಲೆಗೆ ಕಪ್ಪು ಬಳಿದು, ಅದರಲ್ಲಿ ನೋಡಿ, ಕಳೆದುಹೋದ ದನ, ಕದ್ದವರ ಹೆಸರು, ರೋಗದ ಕಾರಣ ಹೇಳುವವನು. ಬೈರಪ್ಪನ ಸೊಂಟದಲ್ಲಿದ್ದ ತಾಯಿತವೂ ಅವನು ಕಟ್ಟಿದ್ದೇ.

ಚಂದ್ರಶೇಖರಯ್ಯ ಕಟ್ಟೆಯಿಂದ ಇಳಿದ. ಆಮೇಲೆ ಬೈರಪ್ಪನನ್ನು ಪಕ್ಕಕ್ಕೆ ಕರೆದ.

"ಈರಕ್ಕ 'ಬೆಂಕಿ ಬೀಳಲಿ' ಅಂದಳು. ಬಿತ್ತು. ಅವಳು ಅಪರಾಧಿ. ರೇಣುಕಯ್ಯ 'ಬೆಂಕಿ ಬೀಳುತ್ತೆ' ಅಂದ. ಬಿತ್ತು. ಅವನು ದೇವರು. ಯಾಕ್ರೀ?"

"ಅವರು ತಿಳಿದೋರು ಸಾರ್."

"ಹೇಗೆ ತಿಳೀತು?"

"ಎಲೇಲಿ ಕಂಡ್ತು."

"ಎಲೇಲಿ ಕಂಡಿದ್ದು ನಿಜ ಅಂತ ಹೇಗೆ ಗೊತ್ತು?"

"ಬೆಂಕಿ ಬಿತ್ತಲ್ಲ ಸಾರ್."

"ಈರಕ್ಕನ ಮಾತಿಗೂ ಬಿತ್ತಲ್ಲ."

ಬೈರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನಿಗೆ ಸೆಕೆಯಾಗುತ್ತಿತ್ತು.

3 ಗಂಟೆಗೆ ಚಂದ್ರಶೇಖರಯ್ಯ ಮತ್ತೆ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕರೆಸಿದ. ಈ ಸಲ ಯಾರು ಹಚ್ಚಿದರು ಅಂತ ಕೇಳಲೇ ಇಲ್ಲ. "ನಿನ್ನೆ ಮಧ್ಯಾಹ್ನದಿಂದ ಬಣವೆ ಹತ್ತಿರ ಯಾರು ಯಾರು ಬಂದರು? ಒಳ್ಳೆಯವರು, ಕೆಟ್ಟವರು, ಮನೆಯವರು, ದನ, ನಾಯಿ, ಎಲ್ಲಾ ಹೇಳಿ." ಜನ ಬೇಸರದಿಂದ ಹೇಳಿದರು. ದೊಡ್ಡರಂಗಪ್ಪನ ಎಮ್ಮೆ. ಅವನ ಸೊಸೆ. ಪೋಸ್ಟ್‌ಮ್ಯಾನ್. ಏಳನೆಯವಳು ಕಣದ ಪಕ್ಕದ ಮನೆಯ ಕೆಂಚಮ್ಮ, ವಯಸ್ಸು ಸುಮಾರು ಎಪ್ಪತ್ತು.

"ಸ್ವಾಮ್ಗಳು ಬಂದಿದ್ರಪ್ಪ."

"ಯಾವ ಸ್ವಾಮಿಗಳು?"

"ನಮ್ ರೇಣುಕಯ್ಯ. ಐದಕ್ಕೆ ಇನ್ನೂ ಒಸಿ ಒತ್ತಿತ್ತು. ಬಣವೆ ಬುಡುಕ್ಕೆ ವೊಗೆ ಆಕ್ತಿದ್ರು. ದಿಕ್ಕು ಕಟ್ತೀನಿ ಕೆಂಚಮ್ಮ, ಯಾರಿಗೂ ಏಳ್ಬ್ಯಾಡ, ಏಳಿದ್ರೆ ಫಲ ಇಲ್ಲ ಅಂದ್ರು. ಆಮ್ಯಾಕೆ ಐದೂವರೆ ಬಸ್ಸಿಗೆ ಪಾವಗಡಕ್ಕೆ ಓದ್ರು."

"ಬಣವೆಯ ಯಾವ ಮಗ್ಗುಲಲ್ಲಿ?"

"ಇತ್ಲಾಗೆ, ಮೂಡ್ಲಾಗೆ."

"ಬೆಳಿಗ್ಗೆಯಿಂದ ಯಾಕಜ್ಜಿ ಹೇಳಲಿಲ್ಲ?"

ಕೆಂಚಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. "ಬೆಂಕಿ ಇಕ್ದೋರು ಯಾರು ಅಂದ್ರಿ. ಅವ್ರು ಒಳ್ಳೇದ್ ಮಾಡಾಕೆ ಬಂದೋರು ಕಣಪ್ಪ. ಅವ್ರನ್ಯಾಕೆ ಏಳ್ಲಿ?"

ಬೈರಪ್ಪನ ಪೆನ್ನು ನಿಂತಿತ್ತು. ಅಜ್ಜಿ ಹೋದಮೇಲೆ ಅವನು ಎದ್ದು ನಿಂತ.

"ಸಾರ್, ಒಂದು ಮಾತು. ಆ ಬಟ್ಟಲು ಅವರದ್ದು. ತಾಮ್ರದ ತಂತಿ ಸುತ್ತಿ, ಅದ್ರಲ್ಲೇ ಧೂಪ ಹಾಕೋದು. ನನ್ ಮಗಳಿಗೆ ಜ್ವರ ಬಂದಾಗ ನಮ್ಮನೇಗೂ ತಂದಿದ್ರು. ನೋಡಿದ ತಕ್ಷಣ ಗುರುತು ಸಿಕ್ತು."

"ಮತ್ತೆ ಚೂರು ಅಂತ ಬರೆದಿರಿ?"

"ಸುಳ್ಳು ಬರೀಬೇಕು ಅಂತಲ್ಲ ಸಾರ್. ಕಣ್ಣಿಗೆ ಗೊತ್ತಾಯ್ತು, ತಲೆ ಒಪ್ಪಲಿಲ್ಲ. ಅವರದ್ದಿರಲ್ಲ ಅಂತ ಅನ್ಕೊಂಡ್ಮೇಲೆ ಅದು ನನಗೆ ಚೂರಾಗೇ ಕಂಡ್ತು." ಅವನ ಮುಖ ಕೆಂಪಾಗಿತ್ತು. "ಆ ಹೆಣ್ಮಗಳ ಮುಂದೆ ಪ್ಯಾಡು ಬಿಚ್ಚಿಟ್ನಲ್ಲ ಸಾರ್. ಥೂ, ನನಗೆ ನಾಚಿಕೆ ಆಗ್ತಿದೆ."

ಚಂದ್ರಶೇಖರಯ್ಯ ಬೈಯಲಿಲ್ಲ. ಬೆಳಿಗ್ಗೆ ಟ್ರಾಕ್ಟರಿನಲ್ಲಿ ಹದಿನೆಂಟು ಜನರನ್ನು ನೋಡಿದಾಗ, ಇಷ್ಟು ಜನ ಹೇಳುತ್ತಿದ್ದಾರೆಂದರೆ ಏನೋ ಇರಬೇಕು ಅಂತ ಅವನಿಗೂ ಅನ್ನಿಸಿತ್ತು. ಅದನ್ನು ಬೈರಪ್ಪನಿಗೆ ಹೇಳಿದ. ಬೈರಪ್ಪ ಕೆಂಚಮ್ಮನ ಹೇಳಿಕೆಯನ್ನು ಅವಳಾಡಿದ ಮಾತಿನಲ್ಲೇ ಬರೆದು ಮುಗಿಸಿದ.

ಸಂಜೆ 4:40ಕ್ಕೆ ರೇಣುಕಯ್ಯನ ಮನೆ. ಹೊರಗೆ ಹತ್ತಾರು ಜೊತೆ ಚಪ್ಪಲಿ. ಅಷ್ಟು ಭಕ್ತರು ಸೇರಿ ಎರಡು ವರ್ಷವಾಗಿತ್ತಂತೆ. ಒಳಗೆ ಗೂಡಿನಲ್ಲಿ ಮಣ್ಣಿನ ಬಟ್ಟಲುಗಳು ಸಾಲಾಗಿದ್ದವು, ಎಲ್ಲಕ್ಕೂ ಮೂರು ಸುತ್ತು ತಾಮ್ರದ ತಂತಿ.

"ನಿನ್ನೆ ಗುಂಡ್ಲಹಟ್ಟಿಗೆ ಹೋಗಿದ್ರಾ?"

"ಇಲ್ಲ. ಪಾವಗಡದಲ್ಲಿದ್ದೆ."

"ಐದೂವರೆ ಬಸ್ಸು ಎಲ್ಲಿ ಹತ್ತಿದ್ರಿ?"

ರೇಣುಕಯ್ಯ ಕೈಯಲ್ಲಿದ್ದ ವೀಳ್ಯದೆಲೆ ಕೆಳಗಿಟ್ಟ.

ಚಂದ್ರಶೇಖರಯ್ಯ ಬಟ್ಟೆಯ ಗಂಟು ಬಿಚ್ಚಿ, ಸುಟ್ಟ ಬಟ್ಟಲನ್ನು ಗೂಡಿನ ಬಟ್ಟಲುಗಳ ಪಕ್ಕ ಇಟ್ಟ. "ಬೆರಣಿ ಕೆಂಡ ಒಂದೂಕಾಲು ಗಂಟೆ ಹೊಗೆಯಾಡಿದೆ. ಅಷ್ಟರಲ್ಲಿ ನೀವು ಬಸ್ಸಿನಲ್ಲಿದ್ರಿ. ಅಲ್ಲಿವರೆಗೆ ಎಲ್ಲಾ ಸರಿ. ನನಗೊಂದೇ ಕುತೂಹಲ. ಪಡುವಣ ಗಾಳಿ ಬೀಸ್ತಿತ್ತು. ರಸ್ತೆ ಕಡೆ ಇಟ್ಟಿದ್ರೆ ಒಂದೇ ಕೆಂಡ ಸಾಕಿತ್ತು, ಯಾರೂ ನೋಡ್ತಿರಲಿಲ್ಲ. ಗಾಳಿ ನೋಡದೆ ಮೂಡಣಕ್ಕೆ ಯಾಕೆ ಇಟ್ರಿ?"

"ಮೂಡಣದಿಂದ ಅಂದಿದ್ನಲ್ಲ," ಎಂದುಬಿಟ್ಟ ರೇಣುಕಯ್ಯ.

ಅವನ ಹೆಂಡತಿ ಹೊನ್ನಕ್ಕ ಒಳಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಭಕ್ತರು ಮಿಸುಕಾಡಲಿಲ್ಲ. ಪಂಚರ ಸಮಕ್ಷಮ ಬಟ್ಟಲುಗಳನ್ನು ಜಪ್ತಿ ಮಾಡಿ, 5:25ಕ್ಕೆ ರೇಣುಕಯ್ಯನನ್ನು ದಸ್ತಗಿರಿ ಮಾಡಲಾಯಿತು.

6:50ಕ್ಕೆ ಠಾಣೆಯಲ್ಲಿ ಈರಕ್ಕನಿಗೆ ಹೋಗಬಹುದೆಂದು ಹೇಳಿದಾಗ ಅವಳು ಏಳಲಿಲ್ಲ.

"ನಾನಲ್ವಾ ಸಾ?"

"ನೀನಲ್ಲಮ್ಮ."

"ನನ್ ಬಾಯೂ ಅಲ್ವಾ?"

"ನಿನ್ನ ಬಾಯೂ ಅಲ್ಲ."

ಅವಳು ಕೂಸನ್ನು ಅವುಚಿಕೊಂಡು ಗೊಳೋ ಎಂದು ಅತ್ತಳು. ಬೆಳಿಗ್ಗೆ ಟ್ರೈಲರಿನಲ್ಲಿ ಅಷ್ಟು ಜನ ಬೈದಾಗಲೂ ಅತ್ತಿರಲಿಲ್ಲ. ದೊಡ್ಡರಂಗಪ್ಪ ಹೊರಗೆ ಟ್ರಾಕ್ಟರಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವಳನ್ನು ಊರಿಗೆ ಕರೆದೊಯ್ಯಲು ಅವನೇ ಬಂದಿದ್ದ. ದೊಡ್ಡಿಯಿಂದ ಕುರಿಗಳನ್ನು ಬಿಡಿಸಿದ್ದೇನೆ ಎಂದಷ್ಟೇ ಹೇಳಿದ.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದು ಚಂದ್ರಶೇಖರಯ್ಯನಿಗೆ ಗೊತ್ತು. ಬಟ್ಟಲು, ಕೆಂಚಮ್ಮ, ಐದೂವರೆ ಬಸ್ಸಿನ ಕಂಡಕ್ಟರ್, ಇಷ್ಟರಿಂದಲೇ ಕೇಸು ನಡೆಯಬೇಕು. ಆದರೂ ಮರುದಿನ ಬೆಳಿಗ್ಗೆ ಮಧುಗಿರಿಗೆ ಹೊರಡುವ ಮುನ್ನ ರೇಣುಕಯ್ಯ ತಾನಾಗಿಯೇ ಮಾತಾಡಿದ. ಅವನಪ್ಪನ ಕಾಲದಲ್ಲಿ ಶಿರಾ, ಕೊರಟಗೆರೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಈಗ ಎತ್ತಿಗೆ ಕಾಯಿಲೆಯಾದರೆ ದನದ ಡಾಕ್ಟರ ಹತ್ತಿರ ಹೊಡೆದುಕೊಂಡು ಹೋಗುತ್ತಾರೆ. ಹೋದ ವರ್ಷ ಎತ್ತು ಕದ್ದವನ ಹೆಸರು ಹೇಳಿದ್ದ. ಮಾರನೇ ದಿನ ಎತ್ತು ತಾನಾಗಿಯೇ ಮನೆಗೆ ಬಂತು. ಅಂದಿನಿಂದ ಸಂತೆಯಲ್ಲಿ ಅವನನ್ನು ಕಂಡರೆ ಜನ ಎಲೆ ತೋರಿಸಿ ನಗುತ್ತಿದ್ದರು. ಕೊನೆಗೆ ದೊಡ್ಡರಂಗಪ್ಪನೂ ನಕ್ಕ.

"ಈರಕ್ಕ ಬೈದಿದ್ದು ನನಗೆ ಗೊತ್ತೇ ಇರಲಿಲ್ಲ ಸಾರ್, ನಮ್ಮಪ್ಪನಾಣೆ."

"ಆಮೇಲೆ ಗೊತ್ತಾಯ್ತಲ್ಲ. ಕೂಸಿನ ಸಮೇತ ಎಳೆದುಕೊಂಡು ಹೋದಾಗ ಯಾಕೆ ಸುಮ್ಮನಿದ್ದೆ?"

ರೇಣುಕಯ್ಯ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡ.

"ಅಷ್ಟೊತ್ತಿಗೆ ಜನ ಬರಾಕೆ ಶುರು ಮಾಡಿದ್ರು ಸಾರ್. ಕಾಲಿಗೆ ಬಿದ್ದು ಅಳ್ತಿದ್ರು. ಕಾಣ್ತು, ನಿಮಗೆ ನಿಜವಾಗ್ಲೂ ಕಾಣ್ತು ಅಂದ್ರು. ಅವ್ರು ಅಂಗೆ ಅಂತಿದ್ರೆ ನನಗೂ ಕಂಡಿತ್ತು ಅಂತ್ಲೇ ಅನ್ನಿಸ್ತು."

ಏಳೂ ನಲವತ್ತರ ಬಸ್ಸು ಬಂತು. ಬೈರಪ್ಪ ರೇಣುಕಯ್ಯನ ತೋಳು ಹಿಡಿದು ಹತ್ತಿಸಿದ.