ಜುಮ್ ಮೆಷಿನ್ ಮತ್ತು ಅಜ್ಜನ ಕಂಡಕ್ಟರ್

"ಮೂರು ವರ್ಷದ ಹಿಂದೆ ನಾನು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ ಯಾರೋ ಒಬ್ಬಳು ನಂಗೊಂದು ಮಾತು ಕೊಟ್ಟಿದ್ದಳು. ಯಾರಪ್ಪಾ ಅವಳು?" ಅಜ್ಜ ಫ್ಯಾನಿನ ಕಡೆ ನೋಡುತ್ತಾ ಕೇಳಿದರು.

"ಕನ್ನಡಕ ತಾನೇ? ಇರು ಬಂದೆ" ಎಂದು ಬಾಬಿನ್ ಹೋಂವರ್ಕ್ ಬಿಟ್ಟು ಎದ್ದಳು.

ಕನ್ನಡಕ ಎಲ್ಲೂ ಹೋಗಿರಲಿಲ್ಲ. ಅಜ್ಜನ ತಲೆಯ ಮೇಲೇ ಇತ್ತು.

ಮನೆಯಲ್ಲಿ ಅವಳನ್ನು ಬಾಬಿನ್ ಅಂತಲೇ ಕರೆಯುತ್ತಿದ್ದರು. ಹೊಲಿಗೆ ಮೆಷಿನ್ನಿನ ಹೊಟ್ಟೆಯೊಳಗೆ ಗಿರಗಿರ ಸುತ್ತುವ ಪುಟ್ಟ ದಾರದ ಉರುಳೆ ಇದೆಯಲ್ಲ, ಅದರ ಹೆಸರು. ಅವಳೂ ಹಾಗೇ, ನಿಂತಲ್ಲಿ ನಿಲ್ಲುವವಳಲ್ಲ.

ಆ ಮಾತು ಕೊಟ್ಟಾಗ ಅವಳಿಗೆ ಏಳು ವರ್ಷ. ಅಜ್ಜನ ಎದೆಬಡಿತ ತೀರಾ ನಿಧಾನವಾಗಿ, ಡಾಕ್ಟರು ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರ ಕೂರಿಸಿದ್ದರು. ಬಾಬಿನ್ ಅಜ್ಜನ ಬೆರಳು ಹಿಡಿದುಕೊಂಡು, "ನೀನು ಬೇಗ ಮನೆಗೆ ಬಾ ಅಜ್ಜ. ನೀನು ಏನು ಕೇಳಿದ್ರೂ ಇಲ್ಲ ಅನ್ನಲ್ಲ. ಪ್ರಾಮಿಸ್" ಎಂದಿದ್ದಳು.

ಅಜ್ಜ ಬೇಗ ಬಂದರು. ಬಂದವರು ಕೇಳುತ್ತಲೇ ಇದ್ದರು. ನೀರು, ಪೇಪರು, ಚಪ್ಪಲಿ, ಬೆನ್ನು ತುರಿಸಿಕೊಳ್ಳಲು ಸ್ಕೇಲು. ಬಾಬಿನ್ ಒಂದು ಸಲವೂ ಇಲ್ಲ ಅಂದಿರಲಿಲ್ಲ.

ಅಜ್ಜ ಮೂವತ್ತು ವರ್ಷ ಬಸ್ ಓಡಿಸಿದವರು. ಎದೆಯೊಳಗಿನ ಪೇಸ್‌ಮೇಕರಿಗೆ 'ಕಂಡಕ್ಟರ್' ಎಂದು ಹೆಸರಿಟ್ಟಿದ್ದರು. "ಡ್ರೈವರು ತೂಕಡಿಸಿದ್ರೆ ಒಳಗಿಂದ ರೈಟ್ ರೈಟ್ ಅಂತಾನೆ. ಚಿಲ್ಲರೆಗೆ ಮಾತ್ರ ಜಗಳ ಆಡಲ್ಲ. ಒಳ್ಳೇ ಕಂಡಕ್ಟರು!"

"ಬಾಬಿನ್, ಬಾರೇ! ಸೊಂಟ ಕಿತ್ತು ಬರ್ತಿದೆ" ಎಂದು ಅಮ್ಮ ಹೊಲಿಗೆ ಕೋಣೆಯಿಂದ ಕೂಗಿದಳು.

ಶಾಲೆಯ ಬ್ಯಾಂಡಿನವರಿಗೆ ಹನ್ನೆರಡು ಕೋಟು ಹೊಲಿಯಬೇಕಿತ್ತು. ಒಂದೊಂದಕ್ಕೂ ಎಂಟೆಂಟು ಹೊಳೆಯುವ ಗುಂಡಿ. ಹೊಲಿಗೆ ಅಮ್ಮನದು, ಗುಂಡಿ ಅಜ್ಜನದು. ಬಗ್ಗಿ ಬಗ್ಗಿ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಫಿಸಿಯೋಥೆರಪಿ ಮಾಡುವ ಅಕ್ಕ ಅವಳನ್ನು ಪರೀಕ್ಷೆ ಮಾಡಿ, ಅಂಗೈಯಗಲದ ಒಂದು ಮೆಷಿನ್ ಕೊಟ್ಟಿದ್ದರು. ಅದರಿಂದ ಹೊರಟ ವೈರುಗಳ ತುದಿಯಲ್ಲಿ ನಾಲ್ಕು ಅಂಟುವ ಪ್ಯಾಡು. ಪ್ಯಾಡು ಅಂಟಿಸಿ ಆನ್ ಮಾಡಿದರೆ ಚರ್ಮ ಜುಮ್ ಜುಮ್ ಅನ್ನುತ್ತದೆ, ನೋವು ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ. ಅಮ್ಮನ ಕೈ ಬೆನ್ನಿಗೆ ಎಟುಕದ ಕಾರಣ ಫಿಸಿಯೋ ಅಕ್ಕ ಬಾಬಿನ್‌ಗೂ ಎಲ್ಲ ಕಲಿಸಿದ್ದರು. ಅವಳು ಅದನ್ನು ಚೀಟಿಯಲ್ಲಿ ಕೆಂಪು ಪೆನ್ನಿನಿಂದ ಬರೆದು ಮೆಷಿನ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದಳು.

ದಿನಾ ಜಾಗ ಹುಡುಕುವುದು ಬೇಜಾರು ಎಂದು ಬಾಬಿನ್‌ಗೆ ಇವತ್ತು ಒಂದು ಐಡಿಯಾ ಹೊಳೆದಿತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ತೆಗೆದುಕೊಂಡು ಅಮ್ಮನ ಸೊಂಟದ ಮೇಲೆ ನಾಲ್ಕು ಕ್ರಾಸ್ ಹಾಕಿದಳು. ಕ್ರಾಸಿನ ಮೇಲೆ ಸರಿಯಾಗಿ ಪ್ಯಾಡು. ಆಮೇಲೆ ಆನ್. ಒಂದು, ಎರಡು, ಮೂರು...

"ಅಯ್ಯಯ್ಯೋ! ಇರುವೆ ಕಚ್ಚಿದ ಹಾಗೆ ಆಗ್ತಿದೆ!"

ಬಾಬಿನ್ ತಕ್ಷಣ ಆಫ್ ಮಾಡಿ, ಆಮೇಲೆ ಪ್ಯಾಡು ಎತ್ತಿ ನೋಡಿದಳು. ಅಂಟಿನ ತುಂಬಾ ನೀಲಿ ಪುಡಿ. ಒಂದು ಮೂಲೆ ಮಾತ್ರ ಹಿಡಿದುಕೊಂಡು, ಉಳಿದದ್ದು ಎದ್ದುಬಿಟ್ಟಿತ್ತು.

"ನಾನೇನು ಕೋಟಿನ ಬಟ್ಟೆನಾ, ಚಾಕ್ ಹಾಕಿ ಕತ್ತರಿಸೋಕೆ?" ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಚರ್ಮ ಕ್ಲೀನಾಗಿರಬೇಕು ಅಂತ ನೀನೇ ಬರೆದಿಲ್ವೇನೇ?"

ಬರೆದಿದ್ದಳು. ಮೊದಲನೇ ಸಾಲೇ ಅದು. ಬಾಬಿನ್‌ಳ ಕಿವಿ ಬಿಸಿಯಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಟವೆಲ್ಲಿನಿಂದ ಒಣಗಿಸಿ, ಬೇರೆ ಪ್ಯಾಡು ಅಂಟಿಸಿದಳು. ಈ ಸಲ ಜುಮ್ ಅಂದಿತು, ಕಚ್ಚಲಿಲ್ಲ.

"ಇನ್ನೂ ಎರಡು ನಂಬರ್ ಜಾಸ್ತಿ ಮಾಡೇ."

"ಜುಮ್ ಅಂದ್ರೆ ಸಾಕು, ನೋಯಬಾರದು. ಮೂರನೇ ಸಾಲು."

"ಆಯ್ತು ಡಾಕ್ಟರಮ್ಮ."

ಇಪ್ಪತ್ತು ನಿಮಿಷಕ್ಕೆ ಮೆಷಿನ್ ಬೀಪ್ ಅಂದಿತು. ಅಮ್ಮ ನೆಟ್ಟಗೆ ಎದ್ದು ನಿಂತು, ಮುಗಿದ ಒಂದು ಕೋಟನ್ನು ಮಡಿಸಿಕೊಂಡು, ಅಳತೆ ತೋರಿಸಿ ಬರುತ್ತೇನೆಂದು ಬ್ಯಾಂಡ್ ಮಾಸ್ತರರ ಮನೆಗೆ ಹೊರಟಳು.

ಬಾಗಿಲು ಮುಚ್ಚಿದ್ದೇ ತಡ, ಅಜ್ಜ ಸೂಜಿ ಕೆಳಗಿಟ್ಟರು.

"ಮೂರು ವರ್ಷದ ಹಿಂದೆ ಯಾರೋ ಒಬ್ಬಳು..."

"ನೀರಾ?"

"ಅಲ್ಲ." ಅಜ್ಜ ಎಡ ಭುಜ ಹಿಡಿದುಕೊಂಡರು. "ಈ ಗುಂಡಿ ಹೊಲಿದೂ ಹೊಲಿದೂ ಭುಜ ಕಲ್ಲಾಗಿದೆ. ಆ ಜುಮ್ ಮೆಷಿನ್ನು ತಾ. ಐದೇ ನಿಮಿಷ."

"ಅದು ಅಮ್ಮಂದು."

"ಅಮ್ಮಂದು ಅಂದ್ರೆ ನನ್ನ ಮಗಳದು. ಮಗಳಿಗೆ ಆಗಿದ್ದು ಅಪ್ಪನಿಗೆ ಆಗಲ್ವಾ? ನೋಡಿದ್ಯಲ್ಲ, ಹೇಗೆ ಎದ್ದು ಓಡಿಹೋದಳು!"

ಬಾಬಿನ್ ಡಬ್ಬಿ ತೆಗೆದಳು. ಅಜ್ಜ ಖುಷಿಯಿಂದ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಭುಜ ಹೊರಗೆ ಹಾಕಿದರು. ಭುಜದಿಂದ ನಾಲ್ಕು ಬೆರಳು ಕೆಳಗೆ, ಎದೆಯ ಮೇಲೆ, ಚರ್ಮ ಬೆಂಕಿಪೊಟ್ಟಣದಷ್ಟು ಉಬ್ಬಿತ್ತು. ಕಂಡಕ್ಟರ್ ಅಲ್ಲೇ ಇದ್ದ.

ಮುಚ್ಚಳದ ಕೊನೇ ಸಾಲಿನ ಕೆಳಗೆ ಅವಳೇ ಎರಡು ಗೆರೆ ಎಳೆದಿದ್ದಳು: 'ಪೇಸ್‌ಮೇಕರ್ ಇರೋರಿಗೆ ಬೇಡವೇ ಬೇಡ.' ಮೆಷಿನ್ನಿನ ಕರೆಂಟನ್ನೇ ಎದೆಬಡಿತ ಅಂತ ಪೇಸ್‌ಮೇಕರ್ ತಪ್ಪು ತಿಳಿದು ತನ್ನ ಕೆಲಸ ನಿಲ್ಲಿಸಿಬಿಡಬಹುದು ಎಂದು ಫಿಸಿಯೋ ಅಕ್ಕ ಹೇಳಿದ್ದರು.

ಅವಳು ಡಬ್ಬಿ ಮುಚ್ಚಿದಳು.

"ಇಲ್ಲ ಅಜ್ಜ."

"ಏನಂದೆ?"

"ಇಲ್ಲ ಅಂದೆ."

ಆ ಮನೆಯಲ್ಲಿ ಅಜ್ಜನಿಗೆ ಬಾಬಿನ್ ಹೇಳಿದ ಮೊದಲ 'ಇಲ್ಲ' ಅದು.

"ಹಾಗಾದ್ರೆ ಮಾತಿಗೆ ತಪ್ತೀಯ ಅನ್ನು. ಏನೋ ಮಗು, ಪಾಪ, ಪ್ರಾಮಿಸ್ ಮಾಡಿದೆ ಅಂತ ನಾನೂ ನಂಬಿಕೊಂಡಿದ್ದೆ."

"ಅಜ್ಜ, ನಿಲ್ದಾಣದಲ್ಲಿ ಒಬ್ಬ ತುಂಟ ಹುಡುಗ ವಿಸಲ್ ಊದಿದ್ದ ಅಂತ ಹೇಳ್ತಿದ್ಯಲ್ಲ? ಆಗ ನೀನೇನು ಮಾಡ್ದೆ?"

"ಕಂಡಕ್ಟರೇ ಊದಿದ್ದು ಅಂದ್ಕೊಂಡು ಬಸ್ ಹೊರಡಿಸಿಬಿಟ್ಟೆ."

"ಎಷ್ಟು ಜನ ಕೆಳಗೇ ಉಳಿದಿದ್ರು?"

"ಹನ್ನೊಂದು. ಕಂಡಕ್ಟರನ್ನೂ ಸೇರಿಸಿ ಹನ್ನೆರಡು." ಅಜ್ಜ ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಕೈ ತಾನಾಗಿ ಎದೆಯ ಉಬ್ಬಿನ ಮೇಲೆ ಹೋಯಿತು.

"ಈ ಜುಮ್ ಮೆಷಿನ್ನೂ ಹೊರಗಿನ ವಿಸಲ್ಲೇ ಅಜ್ಜ. ನಿನ್ನ ಕಂಡಕ್ಟರ್ ಮೋಸ ಹೋಗಿಬಿಡ್ತಾನೆ" ಎಂದಳು ಬಾಬಿನ್.

ಅಜ್ಜ ಅಂಗಿ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿ ಕೂತರು. ಮುಖ ಬೆಲೂನಿನ ಹಾಗೆ ಊದಿತ್ತು.

ಬಾಬಿನ್ ಡಬ್ಬಿಯನ್ನು ಬೀರುವಿನಲ್ಲಿಟ್ಟಳು. ದಿಂಬು ತಂದು ಅಜ್ಜನ ಎಡಗೈಯ ಕೆಳಗೆ ಇಟ್ಟಳು. ಆಮೇಲೆ ಅವರ ಮಡಿಲಲ್ಲಿದ್ದ ಕೋಟು, ಕೆಳಗಿಟ್ಟ ಸೂಜಿ ಎರಡನ್ನೂ ಎತ್ತಿಕೊಂಡು ನೆಲದ ಮೇಲೆ ಕೂತಳು. ಮೊದಲನೇ ಗುಂಡಿ ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ಹೊಲಿದಳು. ಎರಡನೇ ಗುಂಡಿ ತೂಗಾಡಿತು.

"ಬುಡಕ್ಕೆ ದಾರ ಸುತ್ತಬೇಕು. ಮೂರು ಸುತ್ತು" ಎಂದರು ಅಜ್ಜ, ಕಿಟಕಿಯ ಕಡೆ ನೋಡುತ್ತಲೇ.

ಸುತ್ತಿದಳು. ಗುಂಡಿ ಗಟ್ಟಿಯಾಗಿ ಕೂತಿತು.

"ಕೋಪನಾ ಅಜ್ಜ?"

"ಸ್ವಲ್ಪ ಇದೆ. ಆ ಗುಂಡಿ ಹಾಕೋಷ್ಟರಲ್ಲಿ ಇಳಿಯುತ್ತೆ. ಬೇಗ ಹಾಕು."

ಅಮ್ಮ ಬಂದಾಗ ಐದು ಗುಂಡಿ ಆಗಿತ್ತು. ಅಜ್ಜನೇ ಎಲ್ಲ ಹೇಳಿಬಿಟ್ಟರು. ಕೇಳುತ್ತಾ ಕೇಳುತ್ತಾ ಅಮ್ಮ ಕುರ್ಚಿಯ ಮೇಲೆ ಕೂತುಬಿಟ್ಟಳು.

"ಅಪ್ಪಾ! ಎಳೇ ಮಗುನಾ ನೀವು? ಇವಳೇನಾದ್ರೂ ಹೂಂ ಅಂದಿದ್ರೆ?"

"ಅನ್ನಲಿಲ್ಲವಲ್ಲ! ಖಡಕ್ಕಾಗಿ ಇಲ್ಲ ಅಂದಳು. ನಮ್ಮ ಡಿಪೋ ಮ್ಯಾನೇಜರ್ ಕೂಡ ನಂಗೆ ಹಾಗೆ ಅಂದಿರಲಿಲ್ಲ."

"ಭುಜ ನೋಯ್ತಿದೆ ಅಂತ ನಂಗ್ಯಾಕೆ ಹೇಳಲಿಲ್ಲ? ಅದೂ ಎಡಗಡೆ! ಎದೆ ನೋವಿದೆಯಾ? ಏದುಸಿರು? ಬೆವರು?"

"ಯಾವುದೂ ಇಲ್ಲಮ್ಮ. ಕೈ ಎತ್ತಿದ್ರೆ ಮಾತ್ರ ನೋವು. ನಿನ್ನ ಸೊಂಟದ ಜೊತೆ ನನ್ನ ಭುಜಾನೂ ಯಾಕೆ ಅಂತ ಸುಮ್ಮನಿದ್ದೆ."

ಅಮ್ಮ ಸುಮ್ಮನಿರಲಿಲ್ಲ. ಅಲ್ಲೇ ಕೂತು ಡಾಕ್ಟರಿಗೆ ಫೋನ್ ಮಾಡಿ ಎಲ್ಲ ವಿವರಿಸಿದಳು. ಅವರು ಇನ್ನೂ ನಾಲ್ಕು ಪ್ರಶ್ನೆ ಕೇಳಿ, ಬೆಳಿಗ್ಗೆ ಕರೆದುಕೊಂಡು ಬನ್ನಿ, ನಡುವೆ ಎದೆ ನೋವು ಅಥವಾ ತಲೆಸುತ್ತು ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂದರು. ಫೋನ್ ಇಟ್ಟು ಅಮ್ಮ ಬಾಬಿನ್‌ಳ ತಲೆ ಸವರಿದಳು. ಬಟ್ಟೆಗೆ ಗುರುತು ಹಾಕಿ ಹಾಕಿ ಅಮ್ಮನ ಬೆರಳಿಗೂ ನೀಲಿ ಚಾಕಿನ ಪುಡಿ ಅಂಟಿತ್ತು.

"ಬಾಬಿನ್, ನೀರು" ಎಂದರು ಅಜ್ಜ.

ಬಾಬಿನ್ ಲೋಟ ತಂದು ಕೊಟ್ಟಳು. ಅಜ್ಜ ಗಟಗಟ ಕುಡಿಯುತ್ತಿರುವಾಗ ಅವರ ಅಂಗಿಗೆ ಕಿವಿ ಇಟ್ಟಳು. ಒಳಗೆ ಡಬ್ ಡಬ್, ಡಬ್ ಡಬ್. ಒಂದೇ ಸಮನೆ. ಮೂರು ವರ್ಷದ ಹಿಂದೆ, ಆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ, ಅವಳಿಗೆ ಬೇಕಾಗಿದ್ದದ್ದು ಈ ಸದ್ದು ಈ ಮನೆಯಲ್ಲಿ ಇರುವುದಷ್ಟೇ.

"ಏನಂತೆ ಕಂಡಕ್ಟರ್?" ಅಜ್ಜ ಕೇಳಿದರು.

"ರೈಟ್ ರೈಟ್ ಅಂತೆ."

ಅವಳು ಹೋಗಿ ಆರನೇ ಗುಂಡಿ ಎತ್ತಿಕೊಂಡಳು. ಆ ಸದ್ದಿಗಾಗಿಯೇ ಅಜ್ಜನಿಗೆ ಕೊಟ್ಟ ಮಾತನ್ನು ಅವಳು ಅವತ್ತು ಮುರಿದಿದ್ದಳು.